ಕೆಂಪಿ, ಬೂದಿ ಮತ್ತು ಮೇಸ್ತ್ರಿಗಳ ಕೈಗುಣ

ಎರ್ಮೆಸ್ ಮೇಸ್ತ್ರಿಗಳನ್ನು ನಾನು ಮೊದಲು ಕಂಡ ದಿನ ಅವರು ಇಟಲಿಯ ಮೋದೆನಾ ಪಟ್ಟಣದ ರಸ್ತೆಯ ಬದಿಯಲ್ಲಿ, ಚೆರ್ರಿ ಮರದ ನೆರಳಿನಲ್ಲಿ, ಮಡಿಸುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೊರಳಿಗೆ ಟೈ, ತಲೆಗೆ ಹ್ಯಾಟು, ಕೈಯಲ್ಲಿ ದಿನಪತ್ರಿಕೆ. ಪಕ್ಕದಲ್ಲಿ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾದ, ಉದ್ದ ಮೂಗಿನ ಒಂದು ಕೆಂಪು ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರೊಳಗಿಂದ ಹಬ್ಬದ ದಿನದ ಅಡುಗೆಮನೆಯಂತೆ ಹಬೆ ಏಳುತ್ತಿತ್ತು. ನಾನು ಸೈಕಲ್ಲು ನಿಲ್ಲಿಸಿ, "ಕೆಟ್ಟಿತೇ?" ಎಂದು ಕೇಳಿದೆ. ಊರಿಗೆ ಹೊಸಬ, ಅದು ಕೇಳಬಾರದ ಪ್ರಶ್ನೆ ಎಂದು ತಿಳಿದಿರಲಿಲ್ಲ.

ಮೇಸ್ತ್ರಿಗಳು ಪತ್ರಿಕೆಯ ಪುಟ ತಿರುವಿ, "ಕೆಟ್ಟಿಲ್ಲ. ವಿಶ್ರಾಂತಿ ತಗೊಳ್ತಾ ಇದೆ," ಎಂದರು.

ಐದು ನಿಮಿಷ ಕಳೆಯುವುದರೊಳಗೆ ಬೂದು ಬಣ್ಣದ ಇನ್ನೊಂದು ಕಾರು ಬಂದು ನಿಂತಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬರು ಇಳಿದರು. ಇಂಜಿನ್ ಇರಬೇಕಾದ ಮುಂಭಾಗದ ಮುಚ್ಚಳ ಎತ್ತಿ, ಅಲ್ಲಿಂದ ಒಂದು ಸುರುಳಿ ಹಗ್ಗ ತೆಗೆದರು. ಅವರೇ ಮೇಸ್ತ್ರಿಗಳ ಧರ್ಮಪತ್ನಿ ಆರ್ಜಿಯಮ್ಮ.

"ಎರ್ಮೆಸ್, ಹಗ್ಗ ತಂದಿದೀನಿ."

"ನನಗೆ ಹಗ್ಗ ಬೇಡ."

"ನಿನಗಲ್ಲ ಮಾರಾಯ, ಕಾರಿಗೆ."

"ಆ ಜರ್ಮನ್ ಗಾಡಿ ಬಂದು ಎಳೆಯೋದಾದ್ರೆ ನನ್ನ ಕೆಂಪಿ ಇಲ್ಲೇ ಬೇರು ಬಿಡಲಿ."

ಆರ್ಜಿಯಮ್ಮ ಬೇಸರಿಸಿಕೊಳ್ಳಲಿಲ್ಲ. ಹಗ್ಗವನ್ನು ಒಳಗಿಟ್ಟು, ಕರವಸ್ತ್ರದಲ್ಲಿ ಸುತ್ತಿದ ಬ್ರೆಡ್ಡು ಮತ್ತು ಹಂದಿಮಾಂಸದ ತುಣುಕುಗಳನ್ನು ಗಂಡನ ತೊಡೆಯ ಮೇಲಿಟ್ಟು ಹೊರಟುಹೋದರು. (ಊಟ ಮೊದಲೇ ಕಟ್ಟಿ ತಂದಿದ್ದರೆಂದರೆ ಇದು ಎಷ್ಟನೆಯ ವಿಶ್ರಾಂತಿಯೋ ನೀವೇ ಊಹಿಸಿ.) ಸಂಜೆ ಪಕ್ಕದ ತೋಟದ ಟ್ರ್ಯಾಕ್ಟರ್ ಬಂದು ಕೆಂಪಿಯನ್ನು ಎಳೆದುಕೊಂಡು ಹೋಯಿತು. ಟ್ರ್ಯಾಕ್ಟರು ನಮ್ಮ ಸೀಮೆಯಲ್ಲೇ ಹುಟ್ಟಿದ್ದು; ಅದರಿಂದ ಮಾನ ಹೋಗುವುದಿಲ್ಲ.

ಇದು ಹದಿಮೂರು ವರ್ಷದ ಹಿಂದಿನ ಮಾತು. ಆಮೇಲೆ ನಾನು ಕೇಳಿ ತಿಳಿದ ಪೂರ್ವಕಥೆ ಹೀಗಿದೆ.

ಮೇಸ್ತ್ರಿಗಳ ವೃತ್ತಿ ತಗಡು ಬಡಿಯುವುದು. ತಗಡು ಎಂದೊಡನೆ ನಗಬೇಡಿ. ಆ ಕಾಲದಲ್ಲಿ ಮೋದೆನಾ ಸೀಮೆಯ ಓಟದ ಕಾರುಗಳ ಮೈಯನ್ನು ಯಂತ್ರ ಒತ್ತುತ್ತಿರಲಿಲ್ಲ. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಿಂದ ಬಡಿದು, ಅಂಗೈಯಿಂದ ಸವರಿ, ಮತ್ತೆ ಬಡಿದು, ಮತ್ತೆ ಸವರಿ, ಗಾಳಿಯೇ ಜಾರಿ ಬೀಳುವಂಥ ಮೈ ತರುತ್ತಿದ್ದರು. ಕಣ್ಣು ಮೋಸ ಹೋಗುತ್ತದೆ, ಅಂಗೈ ಹೋಗುವುದಿಲ್ಲ ಎಂಬುದು ಎರ್ಮೆಸ್ ಮೇಸ್ತ್ರಿಗಳ ಮಹಾವಾಕ್ಯ. ತಾವು ಬಡಿದ ಪ್ರತಿಯೊಂದು ತಗಡಿನ ಒಳ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಅವರು ಮೊಳೆಯಿಂದ ಮೂರು ಚುಕ್ಕೆ ಹೊಡೆಯುತ್ತಿದ್ದರು. ಅದೇ ಅವರ ರುಜು.

ಊರಿನ ಆ ಪುಟ್ಟ ಕಾರ್ಖಾನೆ ವರ್ಷಕ್ಕೆ ಹತ್ತೋ ಹನ್ನೆರಡೋ ಕಾರು ಮಾಡುತ್ತಿತ್ತು. ಒಂದು ಬೇಸಗೆಯಲ್ಲಿ, ಬೆಟ್ಟ ಹತ್ತುವ ಪಂದ್ಯದಲ್ಲಿ, ಅದರ ಕೆಂಪು ಕಾರನ್ನು ಒಂದು ಜರ್ಮನ್ ಕಾರು ಎರಡು ಸೆಕೆಂಡಿನಿಂದ ಹಿಂದೆ ಹಾಕಿತು. ಅಂದೇ ಮೇಸ್ತ್ರಿಗಳು ಭೀಷ್ಮಪ್ರತಿಜ್ಞೆ ಮಾಡಿದರು: ಜರ್ಮನ್ ಗಾಡಿಯನ್ನು ಈ ಕೈ ಮುಟ್ಟುವುದಿಲ್ಲ. ಕೆಲವು ವರ್ಷಗಳ ನಂತರ ಕಾರ್ಖಾನೆ ಮುಚ್ಚಿತು. ಮಾರಾಟವಾಗದೆ ಉಳಿದ ಕೊನೆಯ ಕಾರನ್ನು ಮೇಸ್ತ್ರಿಗಳು ಅಪ್ಪನ ದ್ರಾಕ್ಷಿತೋಟದ ಅರ್ಧ ಭಾಗ ಕೊಟ್ಟು ಮನೆಗೆ ತಂದರು. ಅದರ ಎಡಬಾಗಿಲು ಅವರದೇ ಕೈಕೆಲಸ. ಅದೇ ಕೆಂಪಿ. ಅಪ್ಪನ ಕಾಲದ ದನದ ಕೊಟ್ಟಿಗೆಯಲ್ಲಿ, ಮೂರಡಿ ದಪ್ಪ ಗೋಡೆಯ ತಂಪಿನಲ್ಲಿ, ಅದಕ್ಕೆ ಕಂಬಳಿ ಹೊದಿಸಿ ಕಟ್ಟಿದರು. ಕಟ್ಟಿದರು ಎಂದು ಸುಮ್ಮನೆ ಅನ್ನುತ್ತಿಲ್ಲ. ಗೋದಲಿ ಇಂದಿಗೂ ಅಲ್ಲೇ ಇದೆ.

ಊರಿನ ಇವಾನೋನ ಕಾಫಿ ಅಂಗಡಿಯಲ್ಲಿ ಮೇಸ್ತ್ರಿಗಳು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ ಒಂದು ಕಥೆಯಿತ್ತು. ಆರ್ಜಿಯಮ್ಮನ ತಮ್ಮ ವಾಲ್ತೆರ್ ಜರ್ಮನಿಗೆ ಕೂಲಿಗೆ ಹೋಗಿದ್ದ. ಐವತ್ತು ವರ್ಷದ ಹಿಂದೆ, ಒಂದು ಆಗಸ್ಟ್ ರಜೆಯಲ್ಲಿ, ಅವನು ತಂತಿ ಬಾಗಿಸಿ ಮಾಡಿದ ಒಂದು ಅಚ್ಚು ತಂದು, ಇದರ ಅಳತೆಗೆ ಮುಂದಿನ ಎಡಗಡೆಯ ಮಡ್ಗಾರ್ಡು ಬೇಕು, ತನ್ನ ಸ್ನೇಹಿತ ಒಬ್ಬ ಇಂಗ್ಲಿಷ್ ದಂತವೈದ್ಯನ ಕಾರಿಗೆ ಎಂದ. ಇಂಗ್ಲಿಷರಿಗೆ ಪಾಪ ಮಡ್ಗಾರ್ಡು ಬರುವುದಿಲ್ಲ ಎಂದು ಮರುಗಿ ಮೇಸ್ತ್ರಿಗಳು ಒಂಬತ್ತು ದಿನ ಕೂತು ಬಡಿದುಕೊಟ್ಟರು. "ಅಂಥ ತಗಡು ನಾನು ಮತ್ತೆ ಬಡಿಯಲಿಲ್ಲ," ಎನ್ನುವಾಗ ಅವರ ಕಣ್ಣಂಚು ತೇವವಾಗುತ್ತಿತ್ತು. ಪ್ರತಿ ಕ್ರಿಸ್‌ಮಸ್ಸಿಗೂ ವಾಲ್ತೆರನ ಮೂಲಕ ಆ ದಂತವೈದ್ಯನಿಗೆ ಶುಭಾಶಯ ಹೇಳಿ ಕಳಿಸುತ್ತಿದ್ದರು.

ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರದಲ್ಲಿ ಹದಿನೈದು ವರ್ಷದ ಹಿಂದೆ ವಾಲ್ತೆರನ ಕಣ್ಣು ಮಂದವಾಯಿತು. ಇನ್ನು ಓಡಿಸಲಾರೆನೆಂದು ಅವನು ತನ್ನ ಹಳೆಯ ಜರ್ಮನ್ ಕಾರನ್ನು ಅಕ್ಕನ ಹೆಸರಿಗೆ ಮಾಡಿ ಕಳಿಸಿಬಿಟ್ಟ. ಅದೂ ಓಟದ ಕಾರೇ. ತನ್ನ ಕಾಲದಲ್ಲಿ ಬೆಟ್ಟಗಳನ್ನು ನುಂಗಿದ ಜಾತಿ. ಆದರೆ ಅದರ ಇಂಜಿನ್ ಹಿಂದೆ, ಡಿಕ್ಕಿ ಮುಂದೆ. "ಹಿಂದುಮುಂದು ಗೊತ್ತಿಲ್ಲದ ಗಾಡಿ," ಎಂದರು ಮೇಸ್ತ್ರಿಗಳು. ಬಣ್ಣ ನೋಡಿ ಬೂದಿ ಎಂದು ನಾಮಕರಣ ಮಾಡಿದರು. ಅಂಗಳದ ಮೂಲೆಯ ಚಪ್ಪರದ ಕೆಳಗೆ, ಕೋಳಿಗಳ ನಡುವೆ, ಅದಕ್ಕೆ ಜಾಗ ತೋರಿಸಿದರು. ಅದರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಮುಟ್ಟಲೇಬೇಕಾಗಿ ಬಂದರೆ, ಅಂದರೆ ಹೆಂಡತಿ ಹಿಟ್ಟಿನ ಚೀಲ ಇಳಿಸು ಎಂದರೆ, ಒಳಗೆ ಹೋಗಿ ಚರ್ಮದ ಕೈಗವಸು ಹಾಕಿಕೊಂಡು ಬರುತ್ತಿದ್ದರು.

ಈಗ ಎರಡು ಕಾರುಗಳ ಸಂಸಾರ ಹೇಗಿತ್ತೆಂದು ಕೇಳಿ. ಕೆಂಪಿ ಭಾನುವಾರ ಮಾತ್ರ ಹೊರಡುವ ಮಹಾರಾಣಿ. ಬೆಳಿಗ್ಗೆ ಎಂಟಕ್ಕೆ ಕಂಬಳಿ ತೆಗೆಯಬೇಕು. ಎಂಟೂವರೆಗೆ ಎಣ್ಣೆ ನೋಡಬೇಕು. ಎಣ್ಣೆ ನೋಡಲು ಬಾನೆಟ್ ಎತ್ತಬೇಕಿಲ್ಲ, ನೆಲ ನೋಡಿದರೆ ಸಾಕು. ಒಂಬತ್ತಕ್ಕೆ ಸೆಲ್ಫ್ ಹೊಡೆದರೆ ಹನ್ನೆರಡು ಸಿಲಿಂಡರುಗಳಲ್ಲಿ ಏಳೆಂಟು ಎಚ್ಚರವಾಗುತ್ತವೆ. ಉಳಿದವನ್ನು ಒಂದೊಂದಾಗಿ ಹೆಸರು ಹಿಡಿದು ಎಬ್ಬಿಸಬೇಕು. ಹತ್ತೂವರೆಗೆ ಎಲ್ಲವೂ ಎದ್ದು ಒಟ್ಟಿಗೆ ಹಾಡಿದಾಗ, ಸುಳ್ಳು ಹೇಳಬಾರದು, ಮೂರು ಬೀದಿಯಾಚೆಯ ನಮ್ಮ ಮನೆಯ ಕಿಟಕಿ ಗಾಜೂ ತಲೆದೂಗುತ್ತಿತ್ತು. ಮಳೆಯೆಂದರೆ ಕೆಂಪಿಗೆ ಆಗದು. ಬಿಸಿಲಾದರೆ ಕುದಿಯುತ್ತದೆ. ಚಳಿಯಾದರೆ ಏಳುವುದಿಲ್ಲ. ಡಿಕ್ಕಿಯಲ್ಲಿ ಒಂದು ಹ್ಯಾಟು ಇಡಬಹುದು, ಅಂಚು ಚಿಕ್ಕದಾಗಿದ್ದರೆ. ಅದರ ಕ್ಲಚ್ಚು ಒತ್ತಿ ಒತ್ತಿ ಮೇಸ್ತ್ರಿಗಳ ಎಡಗಾಲು ಬಲಗಾಲಿಗಿಂತ ದಪ್ಪವಾಗಿದೆಯೆಂದು ಊರಿನ ದರ್ಜಿ ನನಗೆ ಗುಟ್ಟಾಗಿ ಹೇಳಿದ್ದಾನೆ.

ಬೂದಿಯದು ದುಡಿಯುವ ಸೊಸೆಯ ಬಾಳು. ಕೀಲಿ ತಿರುಗಿಸಿದರೆ ಒಂದು ಕೆಮ್ಮು, ಹೊರಟಿತು. ಆರ್ಜಿಯಮ್ಮ ಊರಿಗೆಲ್ಲ ತೊರ್ತೆಲ್ಲೀನಿ ಎಂಬ ಮಾಂಸ ತುಂಬಿದ ಪುಟ್ಟ ಕಡುಬು ಮಡಿಸಿ ಕೊಡುವವರು; ಗುರುವಾರದ ಸಂತೆಗೆ ಮುಂದಿನ ಡಿಕ್ಕಿಯಲ್ಲಿ ಎರಡು ಚೀಲ ಹಿಟ್ಟು, ನೂರು ಮೊಟ್ಟೆ ಹಾಕಿಕೊಂಡು ಹೋಗಿ ಬರುತ್ತಿದ್ದರು. ಹಿಂದೆ ಇಂಜಿನ್ನಿನ ಭಾರವಿದ್ದುದರಿಂದ, ತಿರುವಿನಲ್ಲಿ ಅವಸರಪಟ್ಟರೆ ಹಿಂಭಾಗ ಮುಂದಾಗಲು ನೋಡುತ್ತದೆ. "ಅದಕ್ಕೇ ಹಿಟ್ಟು ಮುಂದೆ ಇಡೋದು," ಎನ್ನುತ್ತಿದ್ದರು ಆರ್ಜಿಯಮ್ಮ. ಮಳೆಯಲ್ಲಿ, ಮಂಜಿನಲ್ಲಿ, ಒಮ್ಮೆ ಹಿಮದಲ್ಲಿಯೂ ಅದು ಕೈಕೊಡಲಿಲ್ಲ. ಮೇಸ್ತ್ರಿಗಳಿಗೆ ಮೂತ್ರಪಿಂಡದ ಕಲ್ಲಿನ ನೋವು ಎದ್ದು ನೆಲದಲ್ಲಿ ಹೊರಳಾಡಿದ ದಿನ ಕೆಂಪಿಯ ಐದು ಸಿಲಿಂಡರು ಮಾತ್ರ ಎಚ್ಚರವಾಗಿದ್ದವು. ಬೂದಿಯೇ ಆಸ್ಪತ್ರೆಗೆ ಒಯ್ದಿತು. ಮೇಸ್ತ್ರಿಗಳು ದಾರಿಯುದ್ದಕ್ಕೂ ಕೈಗವಸು ತೊಟ್ಟು ಕಣ್ಣು ಮುಚ್ಚಿ ಕುಳಿತಿದ್ದು, ಹೇಗೆ ಬಂದಿರಿ ಎಂದು ದಾದಿ ಕೇಳಿದಾಗ ನಡೆದು ಬಂದೆ ಎಂದರಂತೆ.

ಇದನ್ನೆಲ್ಲ ಎತ್ತಿ ಆಡಿದರೆ ಮೇಸ್ತ್ರಿಗಳು ಜಗ್ಗುವವರಲ್ಲ. ದಿನವೂ ಕರೆದೊಡನೆ ಬರುವುದು ಆಳು, ಮನಸ್ಸು ಬಂದಾಗ ಬರುವುದು ಕಲಾವಿದ ಎಂಬುದು ಅವರ ವಾದ.

ಕಳೆದ ವರ್ಷ ಜೂನ್ ತಿಂಗಳಲ್ಲಿ, ಚೆರ್ರಿ ಕೊಯ್ಲಿನ ಹೊತ್ತಿಗೆ, ಆಲಿಕಲ್ಲು ಮಳೆ ಬಿತ್ತು. ಒಂದೊಂದು ಕಲ್ಲೂ ಅಕ್ರೋಟಿನಷ್ಟು. ಹುಲ್ಲಿನ ಚಪ್ಪರ ಹರಿದು ಬೂದಿಯ ನೆತ್ತಿಯ ಮೇಲೆ ಇಪ್ಪತ್ಮೂರು ನೆಗ್ಗು ಬಿದ್ದವು. ಕೆಂಪಿ ಕೊಟ್ಟಿಗೆಯಲ್ಲಿ ಕಂಬಳಿ ಹೊದ್ದು ಮಲಗಿತ್ತು. ಆರ್ಜಿಯಮ್ಮ ನೆಗ್ಗು ತೆಗೆದುಕೊಡೆಂದು ಗಂಡನನ್ನು ಕೇಳಿದರು. ಇಡೀ ಇಟಲಿಯಲ್ಲಿ ಆ ಕೆಲಸ ಅವರಷ್ಟು ಬಲ್ಲವರು ನಾಲ್ಕು ಜನ ಉಳಿದಿದ್ದಾರು. ಮೇಸ್ತ್ರಿಗಳು ಪ್ರತಿಜ್ಞೆಯನ್ನು ನೆನಪಿಸಿದರು. ಆರ್ಜಿಯಮ್ಮ ಅವತ್ತು ಸೊಪ್ಪಿನ ಸಾರು ಬಿಟ್ಟು ಬೇರೇನೂ ಮಾಡಲಿಲ್ಲ. ಮರುದಿನವೂ ಸೊಪ್ಪಿನ ಸಾರೇ. ಮೂರನೆಯ ದಿನ ಅವರು ಇವಾನೋನ ಅಂಗಡಿಗೇ ಬಂದು, ಎಲ್ಲರೆದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹದಿನಾಲ್ಕು ವರ್ಷ ನನ್ನ ಕಾರು ಕೋಳಿ ಜೊತೆ ಮಲಗಿತು. ಇನ್ನು ಕೊಟ್ಟಿಗೆ ಅದಕ್ಕೆ. ನಿನ್ನ ಮಹಾರಾಣಿ ಹೊರಗೆ ಬರಲಿ."

"ನನ್ನ ಹೆಣದ ಮೇಲೆ," ಎಂದರು ಮೇಸ್ತ್ರಿಗಳು.

"ಹೆಣ ಇಡೋದಕ್ಕೂ ಅಲ್ಲಿ ಜಾಗ ಇಲ್ಲ, ಎರ್ಮೆಸ್. ಒಂದೇ ಗಾಡಿ ಹಿಡಿಸೋದು."

ಮೇಸ್ತ್ರಿಗಳು ಎದ್ದು ನಿಂತು ಭಾಷಣ ಆರಂಭಿಸಿದರು. ಯಂತ್ರ ಒತ್ತಿದ ತಗಡಿಗೂ ಕೈ ಬಡಿದ ತಗಡಿಗೂ ವ್ಯತ್ಯಾಸ ಅರಿಯದವರಿಗೆ ಕೊಟ್ಟಿಗೆಯ ಮಾತೇಕೆ. ಕೆಂಪಿಯ ಮೈಯಲ್ಲಿ ಮನುಷ್ಯನ ಕೈಗುಣವಿದೆ, ಬೂದಿಯ ಮೈ ತಟ್ಟೆಯ ಹಾಗೆ ಸತ್ತದ್ದು. ಬೇಕಾದರೆ ತಮ್ಮ ಕಣ್ಣು ಕಟ್ಟಿ, ಲೋಕದ ಯಾವ ತಗಡನ್ನಾದರೂ ಅಂಗೈ ಕೆಳಗಿಡಲಿ, ತಮ್ಮ ಕೈಕೆಲಸ ಯಾವುದೆಂದು ಹೇಳುತ್ತೇವೆ ಎಂದರು.

ಆರ್ಜಿಯಮ್ಮ ಇಷ್ಟಕ್ಕಾಗಿಯೇ ಕಾದಿದ್ದವರಂತೆ, ಆಗಲಿ ಎಂದುಬಿಟ್ಟರು. ನಮ್ಮ ಸೀಮೆಯಲ್ಲಿ ಅಟ್ಟದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದ ಕಪ್ಪು ವಿನಿಗರನ್ನು ಪರೀಕ್ಷಿಸುವಾಗ ಯಾರ ಮನೆಯದೆಂದು ಹೇಳುವುದಿಲ್ಲ. ಹೆಸರು ಮುಚ್ಚಿಟ್ಟು ಚಮಚದಲ್ಲಿ ಕೊಡುತ್ತಾರೆ. ಕಾರಿಗೂ ಹಾಗೇ ಆಗಲಿ ಎಂದರು. "ನೀನು ಯಾವ ತಗಡಿನ ಮೇಲೆ ಕೈಯಿಟ್ಟು ಇದು ನನ್ನದು ಅಂತೀಯೋ, ಆ ತಗಡು ಇರೋ ಕಾರು ಕೊಟ್ಟಿಗೆಗೆ. ಸಾಯೋ ತನಕ. ಒಪ್ಪಿಗೆಯಾ?"

"ಬರೆದುಕೊಡ್ಲಾ?" ಎಂದರು ಮೇಸ್ತ್ರಿಗಳು ನಗುತ್ತ. ಆರ್ಜಿಯಮ್ಮ ಬರೆಸಿಕೊಂಡರು. ಇವಾನೋ ಕಾಫಿ ಚೀಟಿಯ ಹಿಂಬದಿಯಲ್ಲಿ ಒಂದಕ್ಷರ ಬಿಡದೆ ಬರೆದ. ಮೇಸ್ತ್ರಿಗಳು ದೊಡ್ಡದಾಗಿ ರುಜು ಹಾಕಿ, ಕೆಳಗೆ ಮೂರು ಚುಕ್ಕೆಯನ್ನೂ ಇಟ್ಟರು.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ಅಂಗಳದಲ್ಲಿ ಪರೀಕ್ಷೆ. ಊರಿನ ಅರ್ಧ ಜನ ಚರ್ಚಿನ ಪೂಜೆ ಮುಗಿಸಿ ನೇರ ಅಲ್ಲಿಗೇ ಬಂದಿದ್ದೆವು. ಆರ್ಜಿಯಮ್ಮ ತಮ್ಮ ಮದುವೆಯ ಲಿನನ್ ಹಾಸುಗಳನ್ನು ಎರಡೂ ಕಾರಿಗೆ ಹೊದಿಸಿ, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಊಟದ ತಟ್ಟೆಯಗಲದ ಮೂರು ಕಿಂಡಿ ಕತ್ತರಿಸಿದ್ದರು. ಇವಾನೋ ತೀರ್ಪುಗಾರ. ಮಾಂಸದ ಗೊಜ್ಜಿನ ಪರಿಮಳ ಬರುತ್ತಿದ್ದ ಊಟದ ವಸ್ತ್ರವೊಂದನ್ನು ಮೇಸ್ತ್ರಿಗಳ ಕಣ್ಣಿಗೆ ಕಟ್ಟಿ, ಮೂರು ಸುತ್ತು ತಿರುಗಿಸಿ, ಕೈ ಹಿಡಿದು ನಡೆಸಿದ. ಮೇಸ್ತ್ರಿಗಳು ಅಂಗಿಯ ತೋಳು ಮಡಿಸಿಕೊಂಡು, ಎರಡು ಅಂಗೈಗಳನ್ನೂ ಶಸ್ತ್ರಕ್ರಿಯೆಯ ವೈದ್ಯನಂತೆ ಮುಂದೆ ಹಿಡಿದಿದ್ದರು.

ಮೊದಲ ಕಿಂಡಿ. ಅಂಗೈ ಇಟ್ಟವರೇ ತೆಗೆದರು. "ಯಂತ್ರ. ಜೀವ ಇಲ್ಲ." ಹಾಸಿನ ಕೆಳಗಿದ್ದದ್ದು ಬೂದಿಯ ಬಾಗಿಲು. ನಾವು ಹೌದೆಂದು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಎರಡನೆಯ ಕಿಂಡಿ. ಸ್ವಲ್ಪ ಹೊತ್ತು ಸವರಿದರು. "ಕೈಕೆಲಸ. ಆದ್ರೆ ನನ್ನದಲ್ಲ. ನೆಲ್ಲೋನದು. ಊಟ ಆದ ಮೇಲೆ ಬಡಿದಿದಾನೆ, ನಿದ್ದೆಗಣ್ಣು." ಅದು ಕೆಂಪಿಯ ಹಿಂಭಾಗ, ತೀರಿಹೋದ ಸಹೋದ್ಯೋಗಿ ನೆಲ್ಲೋ ಬಡಿದದ್ದೇ ಹೌದು. ಜನ ಚಪ್ಪಾಳೆ ತಟ್ಟಿದರು. ಅಂಥ ಕೈ.

ಮೂರನೆಯ ಕಿಂಡಿ. ಮೇಸ್ತ್ರಿಗಳ ಬಲ ಅಂಗೈ ಅದರ ಮೇಲೆ ಇಳಿದದ್ದು ಕಂಡೆ. ಇಳಿದದ್ದು ಮತ್ತೆ ಏಳಲಿಲ್ಲ. ಮೇಲಿಂದ ಕೆಳಗೆ ಸವರಿತು. ಕೆಳಗಿಂದ ಮೇಲೆ ಬಂತು. ಉಸಿರು ಕೂಡ ನಿಧಾನವಾಯಿತು. ಒಂದು ಕೋಳಿ ಕೊಕ್ಕೊಕ್ಕೆಂದಿತು. ಯಾರೋ ಅದನ್ನು ಓಡಿಸಿದರು. ಆರ್ಜಿಯಮ್ಮ ಮಾತ್ರ ಕೈಕಟ್ಟಿ ನಿಂತು, ಗಂಡನ ಮುಖವನ್ನೇ ನೋಡುತ್ತಿದ್ದರು.

"ಇದು," ಎಂದರು ಮೇಸ್ತ್ರಿಗಳು. "ಇದು ನನ್ನದು."

"ಸರಿಯಾಗಿ ಯೋಚಿಸು," ಎಂದರು ಆರ್ಜಿಯಮ್ಮ.

"ಯೋಚನೆ ಏನು ಬಂತು? ನನ್ನ ಕೈ ನನಗೆ ಗೊತ್ತಿಲ್ವಾ? ನನ್ನ ಒಳ್ಳೇ ಕಾಲದ್ದು. ಕೂದಲು ಕಪ್ಪಿದ್ದಾಗಿನದು." ಬೆರಳುಗಳನ್ನು ಅಂಚಿನ ಒಳಕ್ಕೆ ತೂರಿಸಿದರು, ತಡಕಿದರು, ನಿಂತರು. "ಒಂದು. ಎರಡು. ಮೂರು," ಎಂದು ಚುಕ್ಕೆ ಎಣಿಸಿ ಜನರ ಕಡೆ ತಿರುಗಿದರು. ವಸ್ತ್ರದ ಕೆಳಗಿಂದ ಎರಡು ಹನಿ ಇಳಿದು ಮೀಸೆಯಲ್ಲಿ ನಿಂತಿದ್ದವು. "ಈಗ ಹೇಳಿ, ಕೊಟ್ಟಿಗೆ ಯಾರದು?"

ಇವಾನೋ ಮೆಲ್ಲಗೆ ವಸ್ತ್ರ ಬಿಚ್ಚಿದ. ಆರ್ಜಿಯಮ್ಮ ಕ್ಲಿಪ್ಪು ತೆಗೆದು ಹಾಸು ಎಳೆದರು.

ಮೇಸ್ತ್ರಿಗಳ ಬರಿಗೈ ಬೂದಿಯ ಮುಂದಿನ ಎಡ ಮಡ್ಗಾರ್ಡಿನ ಮೇಲಿತ್ತು.

ಕೆಂಪಿ ಕೈಕೊಡುವುದು ಊರಿಗೇ ಗೊತ್ತಿದ್ದ ಸಂಗತಿ. ಈ ಸಲ ಕೈಯೇ ಕೈಕೊಟ್ಟಿತ್ತು. ಮೇಸ್ತ್ರಿಗಳು ಬಿಸಿ ತಾಗಿದವರಂತೆ ಕೈ ಎಳೆದುಕೊಳ್ಳಹೋದರು. ಅರ್ಧ ದೂರ ಹೋಗಿ ಕೈ ನಿಂತಿತು.

"ವಾಲ್ತೆರನ ಇಂಗ್ಲಿಷ್ ದಂತವೈದ್ಯ ನೆನಪಿದಾನಾ?" ಎಂದರು ಆರ್ಜಿಯಮ್ಮ.

"ಇದಾನೆ. ಅವನಿಗೇನು?"

"ಅವನು ಇರಲೇ ಇಲ್ಲ."

ಆಮೇಲೆ ಅವರು ಉಳಿದದ್ದನ್ನು ಹೇಳಿದರು. ವಾಲ್ತೆರ್ ಕೊಂಡದ್ದು ಗುದ್ದಿಸಿಕೊಂಡ ಕಾರು. ಹೊಸ ಮಡ್ಗಾರ್ಡು ಹಾಕಿಸುವ ಶಕ್ತಿ ಅವನಿಗಿರಲಿಲ್ಲ. ಭಾವನ ಪ್ರತಿಜ್ಞೆ ಗೊತ್ತಿತ್ತು, ಭಾವನ ಕೈಗುಣವೂ ಗೊತ್ತಿತ್ತು. ಎರಡರ ನಡುವೆ ಒಬ್ಬ ದಂತವೈದ್ಯನನ್ನು ಹುಟ್ಟಿಸಿದ.

"ನಾನು ಕ್ರಿಸ್‌ಮಸ್ಸಿಗೆ ಕಳಿಸ್ತಿದ್ದ ಶುಭಾಶಯ?" ಎಂದು ಮೇಸ್ತ್ರಿಗಳು ಸಣ್ಣ ದನಿಯಲ್ಲಿ ಕೇಳಿದರು.

"ತಲುಪಿಸ್ತಿದ್ದ. ಮಡ್ಗಾರ್ಡು ತಟ್ಟಿ ಹೇಳ್ತಿದ್ದನಂತೆ."

"ನಿನಗೆ ಯಾವತ್ತು ಗೊತ್ತಾಯ್ತು?"

"ಕಾರು ಬಂದ ದಿನ."

"ಹದಿನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ಯಾ?"

"ನೀನು ಹದಿನಾಲ್ಕು ವರ್ಷದಲ್ಲಿ ಒಂದು ದಿನ ಆ ಕೈಗವಸು ತೆಗೆದಿದ್ರೆ ನಿನಗೇ ಗೊತ್ತಾಗಿರೋದು, ಎರ್ಮೆಸ್."

ಇವಾನೋ ಚೀಟಿ ತೆಗೆದು ಗಟ್ಟಿಯಾಗಿ ಓದಿದ: ಆ ತಗಡು ಇರುವ ಕಾರು ಕೊಟ್ಟಿಗೆಗೆ, ಸಾಯುವ ತನಕ. ಕೆಳಗೆ ರುಜು, ಮೂರು ಚುಕ್ಕೆ. ಕೆಂಪಿಯ ಎಡಬಾಗಿಲಿಗೆ ಯಾಕೆ ಕಿಂಡಿ ಇಡಲಿಲ್ಲ ಎಂದು ಮೇಸ್ತ್ರಿಗಳು ಒಂದು ಮಾತು ಎತ್ತಿದರು. ಲೋಕದ ಯಾವ ತಗಡನ್ನಾದರೂ ಎಂದವರು ಯಾರು ಎಂದು ಆರ್ಜಿಯಮ್ಮ ಕೇಳಿದ ಮೇಲೆ ಅದನ್ನು ಕೈಬಿಟ್ಟರು. ಸೋತರೆಂದು ನಾವೆಲ್ಲ ತಿಳಿದೆವು. ಕೆಲವರು ಸಮಾಧಾನ ಹೇಳಲು ಬಾಯಿ ತೆರೆದೂ ಆಗಿತ್ತು. ಆಗ ಮೇಸ್ತ್ರಿಗಳು ಹೆಗಲು ಸರಿಮಾಡಿ, ಟೈ ಎಳೆದು, ಕೈಯನ್ನು ಮತ್ತೆ ಆ ಮಡ್ಗಾರ್ಡಿನ ಮೇಲೆ ಇಟ್ಟರು, ಬರಿಗೈಯನ್ನು.

"ಇಪ್ಪತ್ಮೂರು ಕಲ್ಲು ಬಿತ್ತು," ಎಂದರು. "ಎಲ್ಲಾ ನೆತ್ತಿ ಮೇಲೆ. ಇದರ ಮೇಲೆ ಒಂದಾದ್ರೂ ಬಿದ್ದಿದೆಯಾ ನೋಡಿ. ಆಲಿಕಲ್ಲಿಗೂ ಗೊತ್ತಿತ್ತು ಇದು ಯಾರ ಕೆಲಸ ಅಂತ. ಈ ಗಾಡಿ ಐವತ್ತು ವರ್ಷ ನಿಲ್ಲದೆ ಓಡಿದ್ದು ಯಾಕೆ ಅಂತಲೂ ಈಗ ತಿಳೀತು."

"ಮಡ್ಗಾರ್ಡು ಇಂಜಿನ್ ಓಡಿಸಲ್ಲ," ಎಂದರು ಆರ್ಜಿಯಮ್ಮ.

"ಇಂಜಿನ್ ಹಿಂದೆ ಇದೆ. ಅದಕ್ಕೆ ದಾರಿ ಕಾಣಲ್ಲ. ಮುಂದೆ ಧೈರ್ಯವಾಗಿ ಹೋಗ್ತಿರೋದು ಯಾರು?"

ಆ ದಿನ ಆರ್ಜಿಯಮ್ಮ ಗಂಡನಿಗೆ ಆ ಒಂದು ಮಾತನ್ನು ಉಳಿಸಿಕೊಟ್ಟರು. ಮಧ್ಯಾಹ್ನ ತೊರ್ತೆಲ್ಲೀನಿ ಮಾಡಿ ನಮಗೆಲ್ಲ ಬಡಿಸಿದರು. ಊಟವಾದ ಮೇಲೆ ನಾವೇ ಕೆಂಪಿಯನ್ನು ತಳ್ಳಿ ಚಪ್ಪರದ ಕೆಳಗೆ ನಿಲ್ಲಿಸಿದೆವು.

ಈಗ ಕೆಂಪಿ ಅಲ್ಲೇ ಇದೆ. ಚಪ್ಪರಕ್ಕೆ ಹೊಸ ತಗಡಿನ ಸೂರು ಬಂದಿದೆ. ಬಡಿದವರು ಯಾರೆಂದು ಹೇಳಬೇಕಿಲ್ಲ. ನೆರೀನಾ ಎಂಬ ಕರಿಯ ಕೋಳಿ ಚಾಲಕನ ಸೀಟಿನಲ್ಲಿ ಮೊಟ್ಟೆಯಿಡುತ್ತದೆ. ಅದನ್ನು ಯಾರಾದರೂ ಆಡಿಕೊಂಡರೆ, ಬೂದಿ ಹದಿನಾಲ್ಕು ವರ್ಷ ಇಲ್ಲೇ ನಿಂತಿತ್ತಲ್ಲ, ಒಂದು ದಿನ ಒಂದು ಕೋಳಿಯಾದರೂ ಅದರೊಳಗೆ ಕಾಲಿಟ್ಟಿತೇ ಎಂದು ಮೇಸ್ತ್ರಿಗಳು ಕೇಳುತ್ತಾರೆ. ಚರ್ಮದ ಕೈಗವಸು ಆರ್ಜಿಯಮ್ಮನ ಅಡುಗೆಮನೆ ಸೇರಿದೆ. ಒಲೆಯಿಂದ ಬಿಸಿ ಪಾತ್ರೆ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲವಂತೆ.

ಮೇಸ್ತ್ರಿಗಳಿಗೆ ಎಪ್ಪತ್ತೊಂಬತ್ತು. ದಿನವೂ ಬೆಳಿಗ್ಗೆ ಟೈ ಕಟ್ಟಿಕೊಂಡು, ಅದೇ ಮಡಿಸುವ ಕುರ್ಚಿಯನ್ನು ಕೊಟ್ಟಿಗೆಯೊಳಗೆ ಹಾಕಿಕೊಂಡು, ಬೂದಿಯ ನೆತ್ತಿಯ ನೆಗ್ಗು ತೆಗೆಯುತ್ತಾರೆ. ವಾರಕ್ಕೆ ಒಂದೇ ನೆಗ್ಗು; ಕೆಲಸ ಬೇಗ ಮುಗಿದುಹೋಗಬಾರದಲ್ಲ. ಹೋದ ಗುರುವಾರ ನಾನು ಸೈಕಲ್ಲಿನಲ್ಲಿ ಆ ಕಡೆ ಹೋದಾಗ ಮರದ ಸುತ್ತಿಗೆಯ ಟಕ್ ಟಕ್ ಕೇಳಿಸಿತು. ಇಣುಕಿ ನೋಡಿ, ಹಳೆಯ ಅಭ್ಯಾಸ, "ರಿಪೇರಿಯೇ?" ಎಂದುಬಿಟ್ಟೆ.

ಮೇಸ್ತ್ರಿಗಳು ಅಂಗೈಯಿಂದ ತಗಡು ಸವರಿ, ತಲೆ ಎತ್ತದೆ, "ರಿಪೇರಿ ಅಲ್ಲ. ಇಟಲಿಯ ಪೌರತ್ವ ಕೊಡ್ತಾ ಇದೀನಿ," ಎಂದರು.

ಅಡುಗೆಮನೆಯ ಕಿಟಕಿಯಿಂದ ಆರ್ಜಿಯಮ್ಮನ ದನಿ ಬಂತು: "ಪೌರತ್ವ ಆಮೇಲೆ ಕೊಡು, ಮೇಸ್ತ್ರಿ. ಮೊದಲು ಮುಂದಿನ ಡಿಕ್ಕಿಯಿಂದ ಹಿಟ್ಟಿನ ಚೀಲ ಇಳಿಸು."

ಮೇಸ್ತ್ರಿಗಳು ಸುತ್ತಿಗೆ ಕೆಳಗಿಟ್ಟು ಎದ್ದರು. ಹೋಗುವಾಗ ಎಡ ಮಡ್ಗಾರ್ಡನ್ನು ಒಮ್ಮೆ ತಟ್ಟಿ, ಚೀಲ ಹೊತ್ತರು.